ಗ್ಯಾರೇಜ್ ಕಟ್ಟೆ: ಮೂರು ಚಕ್ರದ್ದು ಎರಡಾದರೆ ಚೈನ್ ಎಲ್ಲಿ ಹೋಗಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಹಳೇ ಮೂರು ಚಕ್ರದ ಗಾಡಿ ಕೊಯ್ದು ದಪ್ಪ ಟೈರಿನ ಬೈಕ್ ಮಾಡುವ ವಿಡಿಯೋ ಜಿಲ್ಲೆಯ ಎಲ್ಲರ ಮೊಬೈಲಿಗೂ ಬಂದ ಹಾಗಿದೆ. ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಯಂತ್ರದ ಪ್ರಶ್ನೆ ಕಳಿಸಿದವರು ಬೇಜಾರಾಗಬೇಡಿ, ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಪ್ರಶ್ನೆ: ನಮ್ಮ ತೋಟ ಮನೆಯಿಂದ ಕೆಳಗೆ, ಕಣಿವೆಯಲ್ಲಿದೆ. ನಡುವೆ ಸಂಕ (ಕಾಲುಸೇತುವೆ) ದಾಟಬೇಕು. ಕೊನೆಕೊಯ್ಲಿನ ಹೊತ್ತಿಗೆ ಹೊರುವವರೇ ಸಿಗುವುದಿಲ್ಲ. ಕೊಟ್ಟಿಗೆ ಹಿಂದೆ ಹಳೇ ಡೀಸೆಲ್ ಗೂಡ್ಸ್ ರಿಕ್ಷಾ ನಿಂತಿದೆ, ಎಂಜಿನ್ ಇನ್ನೂ ಚಾಲೂ ಆಗುತ್ತದೆ. ಅದನ್ನೇ ದಪ್ಪ ಟೈರಿನ ಬೈಕ್ ಮಾಡಬಹುದಾ?
— ಅಡಿಕೆ ಬೆಳೆಗಾರರು, ಹುಲೇಕಲ್

ಉತ್ತರ: ಬೇಡ ಮಾರಾಯ್ರೆ. ವಿಡಿಯೋದಲ್ಲಿ ನೀವು ನೋಡಿದ್ದು ರಿಕ್ಷಾ ಅಲ್ಲವೇ ಅಲ್ಲ. ಅದು ಹೋಂಡಾ ಕಂಪನಿಯ ಎಟಿಸಿ, ರಸ್ತೆ ಬಿಟ್ಟು ಮಣ್ಣು, ಮರಳಿನಲ್ಲಿ ಓಡಿಸುವ ಮೂರು ಚಕ್ರದ ಗಾಡಿ. 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದದ್ದು, ಮೊದಲ ಮಾದರಿಗೆ 90 ಸಿಸಿಯ ಸಣ್ಣ ಎಂಜಿನ್. ಸ್ಪ್ರಿಂಗೂ ಇಲ್ಲ, ಶಾಕ್ ಅಬ್ಸಾರ್ಬರೂ ಇಲ್ಲ. 22 ಇಂಚಿನ ಬಲೂನ್ ಟೈರಿನಲ್ಲಿ ಎರಡು ಪೌಂಡ್ ಚಿಲ್ಲರೆ ಗಾಳಿ, ಕುಲುಕಾಟ ತಡೆಯುವುದೆಲ್ಲ ಅದೇ. ಹಿಂದಿನ ಎರಡು ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ, ತಿರುವಿನಲ್ಲಿ ಎರಡನ್ನೂ ಬೇರೆ ಬೇರೆ ಸ್ಪೀಡಿನಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮೈಭಾರ ಸರಿಯಾಗಿ ಹಾಕದಿದ್ದರೆ ಮಗುಚುವುದು ಗ್ಯಾರಂಟಿ. ಕೈಕಾಲು ಮುರಿದುಕೊಂಡವರು, ಸತ್ತವರು ಜಾಸ್ತಿಯಾದ ಮೇಲೆ 1988ರಲ್ಲಿ ಅಲ್ಲಿನ ಸರ್ಕಾರದ ಜೊತೆ ಒಪ್ಪಂದವಾಗಿ, ಕಂಪನಿಗಳು ಹೊಸದಾಗಿ ಮೂರು ಚಕ್ರದ್ದನ್ನು ಮಾರುವುದು ನಿಲ್ಲಿಸಿದವು. ಎಂಜಿನ್ ಗಟ್ಟಿ, ಗಾಡಿಯ ಸ್ವಭಾವ ಕೆಟ್ಟದ್ದು. ಹಾಗಾಗಿ ಅಲ್ಲಿಯವರು ಹಿಂದಿನ ಆಕ್ಸಲ್ ಕೊಯ್ದು, ಒಂದೇ ಚಕ್ರ ಕೂರಿಸಿ ಬೈಕ್ ಮಾಡಿಕೊಳ್ಳುತ್ತಾರೆ. ಅವರಿಗೊಂದು ಅನುಕೂಲ ಇದೆ. ಎಟಿಸಿಯ ಎಂಜಿನ್ ಬೈಕಿನ ಎಂಜಿನ್ ಥರದ್ದೇ, ಪಕ್ಕದಿಂದ ಚೈನ್ ಹೊರಗೆ ಬರುತ್ತದೆ.

ನಿಮ್ಮ ರಿಕ್ಷಾದಲ್ಲಿ ಚೈನೇ ಇಲ್ಲ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಸೇರಿಕೊಂಡಿವೆ, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಶಾಫ್ಟ್. ಒಂದು ಬದಿಯ ಶಾಫ್ಟ್ ತೆಗೆದು, ಇನ್ನೊಂದು ಬದಿಗೆ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಹಾಕಿದರೆ ಆಯ್ತಲ್ಲ ಎಂದು ಅನಿಸುತ್ತದೆ. ಆಗ ಗಾಡಿ ಅಲ್ಲಾಡುವುದೇ ಇಲ್ಲ. ಖಾಲಿ ಬದಿ ಸುಮ್ನೆ ಗರಗರ ತಿರುಗುತ್ತದೆ. ಆ ಬದಿಯನ್ನು ಹಿಡಿದು ನಿಲ್ಲಿಸಿದಿರಿ ಅಂದುಕೊಳ್ಳಿ, ಈ ಬದಿ ದುಪ್ಪಟ್ಟು ಸ್ಪೀಡಿನಲ್ಲಿ ತಿರುಗುತ್ತದೆ, ಎಳೆಯುವ ಬಲ ಅರ್ಧಕ್ಕಿಳಿಯುತ್ತದೆ. ತೋಟದಿಂದ ಏರು ಹತ್ತಲು ನಿಮಗೆ ಬೇಕಾದದ್ದು ಇದರ ಉಲ್ಟಾ. ಒಳಗಿನ ಸಣ್ಣ ಹಲ್ಲುಚಕ್ರಗಳನ್ನು ಮಾಡಿದ್ದು ತಿರುವಿನಲ್ಲಿ ಒಂದಿಷ್ಟು ತಿರುಗಲಿಕ್ಕೆ. ಪೂರ್ತಿ ಹೊತ್ತು ತಿರುಗಿದರೆ ಸವೆದು ಹೋಗುತ್ತವೆ. ಕೇಸಿಂಗ್ ಬಿಚ್ಚಿ ಅವುಗಳನ್ನು ವೆಲ್ಡ್ ಮಾಡಿ ಲಾಕ್ ಮಾಡುವವರೂ ಇದ್ದಾರೆ. ಅಷ್ಟು ಮಾಡಿದ ಮೇಲೂ ಒಂಟಿ ಸಿಲಿಂಡರಿನ ಆ ಡೀಸೆಲ್ ಎಂಜಿನ್ನಿನ ತೂಕ, ನಡುಕ ಎರಡನ್ನೂ ಎರಡು ಚಕ್ರದ ಮೇಲೆ ನೀವೇ ಹಿಡಿದು ನಿಲ್ಲಿಸಬೇಕು. ಸಂಕದ ಮೇಲೆ ಒಮ್ಮೆ ವಾಲಿದರೆ ಎತ್ತುವವರು ಯಾರು?

ಕೆಲಸ ಮಾಡಲೇಬೇಕು ಅಂತಿದ್ದರೆ ಹಳೇ ನೂರು ಸಿಸಿ ಬೈಕಿನಿಂದ ಶುರು ಮಾಡಿ. ರಿಕ್ಷಾವನ್ನು ಅಂಗಳದಿಂದ ಮೇಲೆ ಓಡಿಸಿ, ಅದರ ಜಾಗ ಅದು.

ಪ್ರಶ್ನೆ: ದಮ್ಮಾಮ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕಂಪೌಂಡಿನಲ್ಲಿ ಹಳೇ ಹೋಂಡಾ ಎಟಿಸಿ 200 ಬಿದ್ದಿದೆ. ಮಾಲೀಕರು ‘ನೀನೇ ಇಟ್ಕೋ’ ಅಂದಿದ್ದಾರೆ. ಟೈರಿನ ಮೇಲೆ 25×12-9 ಎಂದು ಬರೆದಿದೆ. ಒಂದು ಹಿಂಚಕ್ರ ತೆಗೆದು ಇನ್ನೊಂದನ್ನು ನಡುವೆ ಕೂರಿಸಿದರೆ ಸಾಕಲ್ವಾ? ಆಮೇಲೆ ಊರಿಗೆ ತರಬಹುದಾ?
— ಭಟ್ಕಳದವರು

ಉತ್ತರ: ಅಂತೂ ನಿಜವಾದ ಎಟಿಸಿ ಇರುವವರೊಬ್ಬರು ಸಿಕ್ಕರು. ಮೊದಲು ಊರಿನ ವಿಷಯ ಮುಗಿಸಿಬಿಡೋಣ. ಮೂರು ವರ್ಷಕ್ಕಿಂತ ಹಳೆಯ ವಾಹನವನ್ನು ಭಾರತಕ್ಕೆ ಆಮದು ಮಾಡುವ ಹಾಗಿಲ್ಲ. ಅಲ್ಲೇ ಮಾಡಿ, ಅಲ್ಲೇ ಓಡಿಸಿ, ಫೋಟೋ ಕಳಿಸಿ.

ಈಗ ಗಾಡಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿ. ಚೈನ್ ಎಲ್ಲಿದೆ? ಎರಡು ಚಕ್ರಗಳ ನಡುವೆ. ನಿಮಗೆ ಹೊಸ ಚಕ್ರ ಬರಬೇಕಾದದ್ದು ಎಲ್ಲಿ? ಅದೇ ಜಾಗದಲ್ಲಿ. ಇಡೀ ಕೆಲಸದ ತಲೆನೋವು ಇಷ್ಟೇ. ದಪ್ಪ ಟೈರ್ ಹಾಕುವುದು ಸುಲಭ, ಚೈನಿಗೆ ದಾರಿ ಬಿಡಿಸುವುದು ಕಷ್ಟ.

ನಿಮ್ಮ ಟೈರ್ 25 ಇಂಚು ಎತ್ತರ, 12 ಇಂಚು ಅಗಲ, ರಿಮ್ 9 ಇಂಚು. ಅಗಲದ ಅರ್ಧ 6 ಇಂಚು, ಅಂದರೆ ನಡುಗೆರೆಯಿಂದ 150 ಎಂಎಂ ಚಿಲ್ಲರೆ. ಗಾಳಿ ಕಮ್ಮಿ ಇಟ್ಟಾಗ ಟೈರಿನ ಪಕ್ಕೆ ಉಬ್ಬುತ್ತದೆ, ಅದಕ್ಕೆ ಇನ್ನೊಂದು ಬೆರಳಿನಷ್ಟು ಬಿಡಿ. ಎಂಜಿನ್ನಿನ ಚೈನ್ ಇದರ ಎಷ್ಟೋ ಒಳಗೆ ಬರುತ್ತದೆ. ಎಂಜಿನ್ನನ್ನೇ ಅಷ್ಟು ಪಕ್ಕಕ್ಕೆ ಸರಿಸಿದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ. ದಾರಿ ಇರುವುದು ಜ್ಯಾಕ್ ಶಾಫ್ಟ್. ಎಂಜಿನ್ ಹಿಂದೆ, ಫ್ರೇಮಿಗೆ ಅಡ್ಡಲಾಗಿ 25 ಎಂಎಂ ಶಾಫ್ಟ್ ಒಂದನ್ನು ಬುಡದ ಸಮೇತ ಬರುವ ಎರಡು ಯುಸಿಪಿ 205 ಬೇರಿಂಗ್‌ಗಳ ಮೇಲೆ ಕೂರಿಸಿ. ಎಂಜಿನ್ನಿನ ಚೈನ್ ಶಾಫ್ಟಿನ ಒಳಗಿನ ಸ್ಪ್ರಾಕೆಟ್ಟಿಗೆ ಬರಲಿ. ಶಾಫ್ಟ್ ಹೊರಗೆ ಚಾಚಿಕೊಂಡ ತುದಿಯಲ್ಲಿ ಇನ್ನೊಂದು ಸ್ಪ್ರಾಕೆಟ್, ಅಲ್ಲಿಂದ ಎರಡನೇ ಚೈನ್ ಟೈರಿನ ಪಕ್ಕದಲ್ಲಿ ಹಿಂದಕ್ಕೆ. ಇದರಲ್ಲಿ ಒಂದು ಲಾಭವೂ ಇದೆ. ಎಂಜಿನ್ನಿನಲ್ಲಿ 12 ಹಲ್ಲು, ಶಾಫ್ಟಿನ ಒಳಬದಿಯಲ್ಲಿ 18 ಹಲ್ಲು ಇಟ್ಟರೆ ಅಲ್ಲೇ ಒಂದೂವರೆ ಪಟ್ಟು ಬಲ ಬರುತ್ತದೆ. ಟಾಪ್ ಸ್ಪೀಡ್ ಹೋಗುತ್ತದೆ, ಹೋಗಲಿ ಬಿಡಿ. ಚೈನ್ ಎರಡಾದ್ದರಿಂದ ಎರಡನ್ನೂ ಬಿಗಿ ಮಾಡುವ ವ್ಯವಸ್ಥೆ ಬೇಕು. ಬೇರಿಂಗ್ ಬ್ರಾಕೆಟ್ಟಿನ ತೂತುಗಳನ್ನು ಉದ್ದುದ್ದ ಕೊರೆಸಿಕೊಳ್ಳಿ.

ಎರಡನೇ ತೊಡಕು ಹಿಂಚಕ್ರದ್ದು. ಎಟಿಸಿಯ ಹಿಂಚಕ್ರಕ್ಕೆ ತನ್ನದೇ ಬೇರಿಂಗ್ ಇರುವುದಿಲ್ಲ. ಆಕ್ಸಲ್ಲೇ ತಿರುಗುತ್ತದೆ, ಚಕ್ರ ಅದರ ಜೊತೆ ತಿರುಗುತ್ತದೆ. ಬೈಕಿನಲ್ಲಿ ಆಕ್ಸಲ್ ನಿಂತಿರುತ್ತದೆ, ಚಕ್ರ ಅದರ ಮೇಲೆ ತಿರುಗುತ್ತದೆ. ಹಾಗಾಗಿ ಚಕ್ರ ತೆಗೆದು ನಡುವೆ ಕೂರಿಸಿದರೆ ಆಯಿತು ಎನ್ನುವ ಲೆಕ್ಕ ನಡೆಯುವುದಿಲ್ಲ. ಎಟಿಸಿಯ ಮುಂಚಕ್ರ ಇನ್ನೊಂದು ಸಿಕ್ಕರೆ ಅದನ್ನು ಹಿಂದಕ್ಕೆ ಹಾಕಿ. ಅದರ ಹಬ್ಬಿನಲ್ಲಿ ಬೇರಿಂಗ್ ಇದೆ. ಸ್ಪ್ರಾಕೆಟ್ ಕೂರಿಸುವ ಪ್ಲೇಟ್ ಮಾತ್ರ ಲೇತಿನಲ್ಲಿ ಮಾಡಿಸಬೇಕು.

ಇನ್ನು ವೆಲ್ಡಿಂಗ್. ಹಿಂಚಕ್ರ ಹಿಡಿಯುವ ತೋಳಿನ, ಅಂದರೆ ಸ್ವಿಂಗ್ ಆರ್ಮಿನ, ಪೈಪು ಕೂಡಿಸುವಾಗ ಒಂದೇ ಸಲಕ್ಕೆ ಒಂದು ಬದಿ ಪೂರ್ತಿ ಎಳೆದುಬಿಡಬೇಡಿ. ಕಾದ ಕಬ್ಬಿಣ ಆರುವಾಗ ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಹಿಂಚಕ್ರ ಓರೆಯಾಗುತ್ತದೆ. ಎಡಕ್ಕೊಂದು ಟ್ಯಾಕ್ (ಚುಕ್ಕಿ ಬೆಸುಗೆ), ಬಲಕ್ಕೊಂದು ಟ್ಯಾಕ್, ಆರಲಿಕ್ಕೆ ಬಿಡಿ. ಪ್ರತಿ ಸಲ ದಾರ ಹಿಡಿದು ನೋಡಿ. ಹಿಂದಿನ ಟೈರಿನ ಪಕ್ಕೆಗೆ ಎರಡೂ ಕಡೆ ದಾರ ತಾಗಿಸಿ ಮುಂದಕ್ಕೆ ಎಳೆದರೆ, ಮುಂದಿನ ಟೈರಿನಿಂದ ಎರಡೂ ದಾರ ಒಂದೇ ದೂರದಲ್ಲಿರಬೇಕು. ಒಂದು ಕಡೆ ಕಡ್ಡಿಪೆಟ್ಟಿಗೆ ತೂರುವಷ್ಟು ಜಾಗ, ಇನ್ನೊಂದು ಕಡೆ ತಾಗುತ್ತಿದೆ ಎಂದರೆ ಕೊಯ್ದು ಮತ್ತೆ ಕೂಡಿಸಿ. ಈ ದಾರದ ಕೆಲಸಕ್ಕೆ ಬೇಸರ ಮಾಡುವವರು ಗಾಡಿ ಕಟ್ಟಬಾರದು ಎಂದೇ ನನ್ನ ಅಭಿಪ್ರಾಯ.

ಕಂಪನಿಗಳೂ ದಪ್ಪ ಟೈರಿನ ಬೈಕ್ ಮಾಡಿವೆ. ಹೋಂಡಾದ ಫ್ಯಾಟ್ ಕ್ಯಾಟ್ ಬಂದದ್ದು 1986ರಲ್ಲಿ. ಯಮಹಾದ ಟಿಡಬ್ಲ್ಯೂ 200, 1987ರಿಂದ. ಯಮಹಾದ್ದರ ಹಿಂದಿನ ಟೈರ್ 180/80-14. ಅಂದರೆ ಅಗಲ 180 ಎಂಎಂ ಮಾತ್ರ, ನಿಮ್ಮದು 300. ಅದರ ಮೈ ಗುಂಡಗೆ ಬೇರೆ, ಬೈಕ್ ವಾಲಿದಂತೆ ಟೈರೂ ಹೊರಳುತ್ತದೆ. ಎಟಿಸಿಯ ಟೈರ್ ಚಪ್ಪಟೆ. ವಾಲಿಸಿದರೆ ಮೊದಲು ಏಳಲು ನೋಡುತ್ತದೆ, ಅಂಚು ದಾಟಿದ ಮೇಲೆ ಒಮ್ಮೆಲೇ ಬೀಳುತ್ತದೆ. ಮರಳಿನಲ್ಲಿ ನಿಧಾನ ಹೋದರೆ ಗೊತ್ತಾಗುವುದಿಲ್ಲ. ಡಾಂಬರಿನ ಮೇಲೆ ಸ್ಪೀಡ್ ಹೊಡೆಯಬೇಡಿ. ಸೈಡ್ ಸ್ಟ್ಯಾಂಡ್ ಮರೆಯಬೇಡಿ, ಮೂರು ಚಕ್ರದ್ದಕ್ಕೆ ಅದು ಇರುವುದೇ ಇಲ್ಲ. ಸ್ಟ್ಯಾಂಡಿನ ಬುಡಕ್ಕೆ ಅಂಗೈಯಗಲದ ಪ್ಲೇಟ್ ಬೆಸೆಯಿರಿ, ಇಲ್ಲದಿದ್ದರೆ ಮರಳಿನಲ್ಲಿ ಹುಗಿಯುತ್ತದೆ.

ಪ್ರಶ್ನೆ: ಬಲೆ, ಐಸ್ ಪೆಟ್ಟಿಗೆ ಸಾಗಿಸಲು ಹಳೇ ಬೈಕಿಗೆ ದಪ್ಪ ಟೈರ್ ಹಾಕಿಸಿದ್ದೇನೆ. ಮರಳಿನಲ್ಲಿ ಆದರೂ ಹೂಳುತ್ತದೆ. ಗಾಳಿ ಪೆಟ್ರೋಲ್ ಪಂಪಿನಲ್ಲೇ ಹಾಕಿಸಿದ್ದು.
— ಮೀನುಗಾರರು, ಬೇಲೇಕೇರಿ

ಉತ್ತರ: ಪತ್ರದ ಕೊನೇ ಸಾಲಿನಲ್ಲೇ ಕಾರಣ ಇದೆ. ಟೈರ್ ನೆಲವನ್ನು ಒತ್ತುವುದು ಹೆಚ್ಚುಕಡಿಮೆ ಒಳಗಿನ ಗಾಳಿಯಷ್ಟೇ ಬಲದಲ್ಲಿ. ಪಂಪಿನವರು ರೂಢಿಯ ಮೇಲೆ 28 ಪೌಂಡ್ ತುಂಬಿದ್ದರೆ ದಪ್ಪ ಟೈರ್ ಹಾಕಿಸಿ ಏನೂ ಪ್ರಯೋಜನವಾಗಲಿಲ್ಲ. ರಸ್ತೆ ಬಿಟ್ಟು ಓಡುವ ಎಟಿವಿ ಗಾಡಿಗಳ ಬಲೂನ್ ಟೈರಾದರೆ ನಾನು 5ರಿಂದ 7 ಪೌಂಡ್ ಇಡುತ್ತೇನೆ. ಮೂರು ಚಕ್ರದ್ದರ ಹಾಗೆ ಎರಡಕ್ಕೆ ಇಳಿಸುವುದು ಬೇಡ. ಬೈಕ್ ವಾಲುತ್ತದೆ, ಟೈರಿನ ಅಂಚು ರಿಮ್ ಬಿಟ್ಟು ಕಳಚಿಕೊಳ್ಳುತ್ತದೆ. ಪಂಪಿನ ಗೇಜು ಇಷ್ಟು ಕಮ್ಮಿ ಗಾಳಿಯನ್ನು ಸರಿಯಾಗಿ ತೋರಿಸುವುದಿಲ್ಲ. 15 ಪೌಂಡಿಗೆ ಮುಗಿಯುವ ಸಣ್ಣ ಗೇಜು ಬೇರೆ ತೆಗೆದುಕೊಳ್ಳಿ.

ಉಪ್ಪು ನೀರು ತಾಗಿದ ದಿನವೇ ಸಿಹಿ ನೀರಿನಲ್ಲಿ ತೊಳೆಯಿರಿ. ಚೈನಿಗೆ ಎಣ್ಣೆ ಒಣಗಿದ ಮೇಲೆ ಹಾಕಿ. ಒದ್ದೆಯಲ್ಲಿ ಹಾಕಿದರೆ ಉಪ್ಪನ್ನು ಒಳಗೇ ಮುಚ್ಚಿಟ್ಟ ಹಾಗೆ.

ಇನ್ನೊಂದು. ಚಳಿಗಾಲದಿಂದ ಬೇಸಿಗೆ ಶುರುವಿನವರೆಗೆ ನಮ್ಮ ತೀರದಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಹೊನ್ನಾವರದ ಕಾಸರಕೋಡು ಟೊಂಕ ಗೊತ್ತಲ್ವಾ. ಮೊಟ್ಟೆ ಇರುವುದು ನೀರಿನಂಚಿನಲ್ಲಲ್ಲ, ಮೇಲಿನ ಒಣ ಮರಳಿನಲ್ಲಿ. ಆ ತಿಂಗಳುಗಳಲ್ಲಿ ಗಾಡಿಯನ್ನು ಅಲ್ಲಿಗೆ ಒಯ್ಯಬೇಡಿ. ನಿಮಗೆ ಹೇಳಬೇಕಾಗಿಲ್ಲ, ಮಜಾಕ್ಕೆ ಓಡಿಸುವ ಹುಡುಗರು ಓದಲಿ ಎಂದು ಬರೆದೆ.

ಪ್ರಶ್ನೆ: ನಮ್ಮಲ್ಲಿರುವ ಮೂರು ಚಕ್ರದ ಗಾಡಿಗೆ ಕೆಎ 30 ನಂಬರ್ ಇದೆ. ಬೈಕ್ ಮಾಡಿದ ಮೇಲೆ ಆರ್‌ಸಿಯಲ್ಲಿ ಎರಡು ಚಕ್ರ ಎಂದು ತಿದ್ದಿಕೊಡುತ್ತಾರಾ?
— ಐಟಿಐ ವಿದ್ಯಾರ್ಥಿ, ಕಾರವಾರ

ಉತ್ತರ: ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಬಂತು. ಹಳೇ ಗಾಡಿ ಕೊಯ್ಯುವುದೇ ಆದರೆ ಮೊದಲು ಆರ್‌ಟಿಓದಲ್ಲಿ ನೋಂದಣಿ ರದ್ದು ಮಾಡಿಸಿ. ಇಲ್ಲದ ಗಾಡಿಯ ನಂಬರ್ ನಿಮ್ಮ ಹೆಸರಿನಲ್ಲಿ ಉಳಿಯುವುದು ಒಳ್ಳೆಯದಲ್ಲ.

ಆವರಣದೊಳಗೆ ಮಾತ್ರ ಓಡುವ ವಿಶೇಷ ಗಾಡಿಯನ್ನು ಕಾಯ್ದೆ ಮೋಟಾರು ವಾಹನ ಎಂದು ಲೆಕ್ಕ ಹಿಡಿಯುವುದಿಲ್ಲ, ನಿಜ. ಆದರೆ ಈಚೆ ತೋಟದಿಂದ ಆಚೆ ತೋಟಕ್ಕೆ ಹೋಗಲು ರಸ್ತೆ ದಾಟಿದಿರೋ, ಆ ಮಾತು ಅಲ್ಲಿಗೇ ಮುಗಿಯಿತು. ಘಟ್ಟದ ಮೇಲಿನವರಿಗೂ ಇದು ಅನ್ವಯ. ಸೊಪ್ಪಿನ ಬೆಟ್ಟ ನಿಮ್ಮ ಆವರಣ ಅಲ್ಲ. ಸೊಪ್ಪು ತರುವ ಹಕ್ಕು ನಿಮ್ಮದು, ಜಾಗ ಅರಣ್ಯದ್ದು.

ಪ್ರಶ್ನೆ: ಎಟಿವಿ ಟೈರ್ ದುಬಾರಿ. ಪವರ್ ಟಿಲ್ಲರಿನ 6-12 ಟೈರ್ ಹಾಕಿದರೆ ನಡೆಯುತ್ತದಾ?
— ಯಲ್ಲಾಪುರದಿಂದ

ಉತ್ತರ: ತೋಟದ ಕೆಲಸಕ್ಕೆ ನನಗೆ ಇದೇ ಹೆಚ್ಚು ಇಷ್ಟ. ಅಗಲ ಆರೇ ಇಂಚು, ಚೈನಿನ ತಲೆನೋವು ಅರ್ಧ ಕಮ್ಮಿ. ಪಾಚಿ ಕಟ್ಟಿದ ತೋಟದಲ್ಲಿ ಬಲೂನ್ ಟೈರ್ ಮೇಲೇ ಜಾರುತ್ತದೆ, ಟಿಲ್ಲರಿನ ಹಲ್ಲು ಕಚ್ಚುತ್ತದೆ. ಚಿರೆಕಲ್ಲಿನ ಗಟ್ಟಿ ದಾರಿಯಲ್ಲಿ ಮಾತ್ರ ಕೈ ಜುಮ್ಮೆನ್ನುವಷ್ಟು ನಡುಗುತ್ತದೆ. ಹಿಂದಕ್ಕೆ ಮಾತ್ರ ಇದನ್ನು ಹಾಕಿ, ಮುಂದಕ್ಕೆ ಬೈಕಿನದ್ದೇ ಇರಲಿ. ಕೂರಿಸುವಾಗ ದಿಕ್ಕು ನೋಡಿ. ಗಾಡಿಯ ಹಿಂದೆ ನಿಂತರೆ ಹಲ್ಲುಗಳು ಕೂಡುವ ಮೊನೆ ಮೇಲಕ್ಕೆ ಕಾಣಬೇಕು.