ಚಿತ್ರದಲ್ಲಿರುವುದು 1302, ಚಿತ್ರದ ವಯಸ್ಸು ಬೇರೆ

ಪ್ರಶ್ನೆ: ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಕಪ್ಪು ಶಾಯಿಯ ಒಂದು ಎನ್‌ಗ್ರೇವಿಂಗ್ ಕೊಂಡೆ. ಮೂರು ಲಿಲ್ಲಿ ಹೂಗಳ ಲಾಂಛನದಡಿ ಸಿಂಹಾಸನದಲ್ಲಿ ರಾಜ, ಒಂದು ಪಕ್ಕ ಬಿಷಪ್ಪರು, ಇನ್ನೊಂದು ಪಕ್ಕ ಖಡ್ಗಧಾರಿಗಳು, ಎದುರಿಗೆ ಬರಿದಲೆಯ ಪಟ್ಟಣಿಗರು ಇದ್ದಾರೆ. ಕೆಳಗೆ ಫ್ರೆಂಚಿನಲ್ಲಿ ‘ಎತಾ ಜೆನೆರೋ, 1302’ ಎಂದಿದೆ. ಹಾಳೆಯ ಹಿಂಬದಿಯಲ್ಲಿ ಅಚ್ಚಾದ ಪಠ್ಯವಿದೆ. ಇದು ಆ ಕಾಲದ್ದೇ? ಈ ಮೂರು ಗುಂಪುಗಳು ನಮ್ಮ ಜಾತಿಗಳಂತೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಆ ಕಾಲದ್ದಲ್ಲ. ಯುರೋಪಿನಲ್ಲಿ ಕಾಗದದ ಮೇಲೆ ಮರದಚ್ಚಿನ ಚಿತ್ರಗಳು ಕಾಣತೊಡಗಿದ್ದೇ 1400ರ ಸುಮಾರಿಗೆ. ತಾಮ್ರದ ತಗಡಿನ ಕೆತ್ತನೆ ಅದಕ್ಕೂ ತಡವಾಗಿ ಬಂತು. ನಿಮ್ಮ ಹಾಳೆಯ ಹಿಂದಿರುವ ಪಠ್ಯವಂತೂ ಇನ್ನೂ ಸ್ಪಷ್ಟವಾದ ಸುಳಿವು. ಗಟ್ಟಿಮರದ ಅಡ್ಡಕೊಯ್ತದ ಮೇಲೆ ನವುರಾಗಿ ಕೆತ್ತಿದ ಅಚ್ಚನ್ನು ಅಕ್ಷರದ ಮೊಳೆಗಳ ಜೊತೆಯಲ್ಲೇ ಜೋಡಿಸಿ ಮುದ್ರಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಸಚಿತ್ರ ಪುಸ್ತಕಗಳಲ್ಲಿ ಮನೆಮಾತಾಗಿತ್ತು. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಇಲ್ಲದಿದ್ದರೆ, ಅಂಥ ಪುಸ್ತಕವೊಂದರಿಂದ ಕತ್ತರಿಸಿ ತೆಗೆದ ಪುಟವೇ ಇದು ಎನ್ನಬಹುದು.

ಲಾಂಛನವೂ ಇದನ್ನೇ ಹೇಳುತ್ತದೆ. 1302ರಲ್ಲಿ ಫ್ರಾನ್ಸಿನ ದೊರೆಯ ನೀಲಿ ಗುರಾಣಿಯ ತುಂಬ ಲಿಲ್ಲಿ ಹೂಗಳು ಚೆಲ್ಲಿದಂತೆ ಹರಡಿರುತ್ತಿದ್ದವು. ಅವು ಮೂರಕ್ಕೆ ಇಳಿದದ್ದು ಐದನೆಯ ಚಾರ್ಲ್ಸನ (1364–1380) ಕಾಲದಲ್ಲಿ. ಕಲಾವಿದ ತನಗೆ ಪರಿಚಿತವಾದ ಲಾಂಛನವನ್ನೇ ಬರೆದುಬಿಟ್ಟಿದ್ದಾನೆ.

ಘಟನೆ ಮಾತ್ರ ನಿಜ. ಪೋಪ್ ಎಂಟನೆಯ ಬೋನಿಫೇಸನೊಡನೆ ಜಗಳಕ್ಕಿಳಿದಿದ್ದ ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್, ರಾಜ್ಯವೆಲ್ಲ ತನ್ನ ಬೆನ್ನಿಗಿದೆಯೆಂದು ತೋರಿಸಲು 1302ರ ಏಪ್ರಿಲ್ 10ರಂದು ಪ್ಯಾರಿಸಿನ ನೋತ್ರದಾಮ್ ಚರ್ಚಿನಲ್ಲಿ ಪಾದ್ರಿಗಳನ್ನೂ ಶ್ರೀಮಂತ ಪಾಳೆಯಗಾರರನ್ನೂ ಪಟ್ಟಣಗಳ ಪ್ರತಿನಿಧಿಗಳನ್ನೂ ಸೇರಿಸಿದನು. ಈ ಮೂರು ವರ್ಗಗಳ ಸಭೆಗೇ ‘ಎತಾ ಜೆನೆರೋ’ ಎಂದು ಹೆಸರು. ಅವರನ್ನು ಕರೆಸಿದ್ದು ಮುಖ್ಯವಾಗಿ ಹೂಂಗುಟ್ಟುವುದಕ್ಕೆ. ನಮ್ಮ ವಿಧಾನಸಭೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಚಿತ್ರವನ್ನು ನೋಡಬಾರದು. ಮೂರು ವರ್ಗಗಳೂ ಪ್ರತ್ಯೇಕವಾಗಿ ರೋಮಿಗೆ ಪತ್ರ ಬರೆದವು: ಪಾದ್ರಿಗಳು ಪೋಪನಿಗೇ, ಉಳಿದಿಬ್ಬರು ಕಾರ್ಡಿನಲ್‌ಗಳಿಗೆ.

ಜಾತಿಯ ಹೋಲಿಕೆ ಅರ್ಧ ದಾರಿಗೇ ನಿಲ್ಲುತ್ತದೆ. ಪಾಳೆಯಗಾರಿಕೆ ಹುಟ್ಟಿನಿಂದ ಬರುತ್ತಿತ್ತು, ಸರಿ. ಆದರೆ ಪಾದ್ರಿಗಳು ಮದುವೆಯಾಗುವಂತಿರಲಿಲ್ಲ, ಆದ್ದರಿಂದ ಮೊದಲನೆಯ ವರ್ಗವು ಪ್ರತಿ ತಲೆಮಾರಿನಲ್ಲೂ ಉಳಿದೆರಡು ವರ್ಗಗಳಿಂದಲೇ ತುಂಬಿಕೊಳ್ಳಬೇಕಿತ್ತು.

ನಿಮ್ಮ ಚಿತ್ರದಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಆ ಬರಿದಲೆಗಳು. 1614ರ ಸಭೆಯಲ್ಲಿ ಮೂರನೆಯ ವರ್ಗದ ವಕ್ತಾರ ಮೊಣಕಾಲೂರಿಯೇ ರಾಜನೊಡನೆ ಮಾತನಾಡಿದ್ದನು. ಆಮೇಲೆ 1789ರವರೆಗೆ ಸಭೆಯೇ ಸೇರಲಿಲ್ಲ. (ಹದಿನಾರನೆಯ ಲೂಯಿ ಆ ಸಭೆಯನ್ನು ಘೋಷಿಸಿದ್ದು 1788ರ ಆಗಸ್ಟ್ 8ರಂದು; ಎರಡೇ ದಿನಗಳ ಬಳಿಕ ವರ್ಸಾಯಿಯಲ್ಲಿ ಅವನ ಮುಂದೆ ನಿಂತವರು ಶ್ರೀರಂಗಪಟ್ಟಣದಿಂದ ಟಿಪ್ಪು ಕಳುಹಿಸಿದ್ದ ಮೂವರು ರಾಯಭಾರಿಗಳು.) 1789ರ ಮೇ 5ರಂದು ರಾಜ ತನ್ನ ಟೋಪಿ ಧರಿಸಿದಾಗ ಶ್ರೀಮಂತರೂ ರೂಢಿಯಂತೆ ಧರಿಸಿದರು, ಬರಿದಲೆಯಲ್ಲೇ ಇರಬೇಕಾಗಿದ್ದ ಮೂರನೆಯ ವರ್ಗದ ಕೆಲವರು ತಾವೂ ಟೋಪಿ ಹಾಕಿಕೊಂಡಾಗ ಗದ್ದಲವೆದ್ದಿತು, ಕೊನೆಗೆ ರಾಜನೇ ಟೋಪಿ ತೆಗೆದನು. ನಿಮ್ಮ ಕಲಾವಿದನಿಗೆ ಈ ಪ್ರಸಂಗ ಚೆನ್ನಾಗಿ ಗೊತ್ತಿತ್ತೆಂದೂ, ಅದನ್ನು ನೆನೆದೇ 1302ರ ಪಟ್ಟಣಿಗರ ಟೋಪಿಗಳನ್ನು ತೆಗೆಸಿದನೆಂದೂ ನನ್ನ ಊಹೆ.