ಸಂಜೆ 4:35ಕ್ಕೆ ಹೋದ ಹಣ ಯಾರ ತಲೆಗೆ?

ಪತ್ರದ ಸಾರ: 'ಪಾರ್ಸೆಲ್ ಬರಲಿಲ್ಲವೆಂದು ನನ್ನ ಮನೆಯವರು ಮೊಬೈಲಿನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಜಾಹೀರಾತಾಗಿ ಕಂಡ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದರು. ಅತ್ತಲವನು ಇವರ ಹೆಸರು, ತರಿಸಿದ ಸಾಮಾನು ಎಲ್ಲ ಸರಿಯಾಗಿ ಹೇಳಿದ. ನಂಬಿ ಒಟಿಪಿ ಕೊಟ್ಟರು. 48,500 ರೂಪಾಯಿ ಹೋಯಿತು. "ಕೊಟ್ಟವರು ನೀವೇ" ಎಂದು ಬ್ಯಾಂಕು ಕೈತೊಳೆದುಕೊಂಡಿತು. ಊರಿನ ಠಾಣೆಯವರು ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ ಎಂದರು. ನಮ್ಮಂಥವರಿಗೂ ಕಾನೂನು ಇದೆಯೇ?' (ನಿವೃತ್ತ ಶಿಕ್ಷಕರು, ಶಿವಮೊಗ್ಗ ಜಿಲ್ಲೆ)

ಮೇಷ್ಟ್ರೇ, ಇದೆ. ನೀವು ಕಳಿಸಿದ ಎಸ್ಸೆಮ್ಮೆಸ್‌ಗಳ ಜೆರಾಕ್ಸ್ ನನ್ನ ಮೇಜಿನ ಮೇಲಿದೆ. 12:41ಕ್ಕೆ 24,000. 12:46ಕ್ಕೆ 9,500. ಆಮೇಲೆ ಸಂಜೆ 4:35ಕ್ಕೆ 15,000. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೀರಿ: '2:10ಕ್ಕೆ ಬ್ಯಾಂಕಿಗೆ ಹೋಗಿ ಹೇಳಿದೆ. ನಾಳೆ ಬನ್ನಿ ಎಂದರು.' ಇಡೀ ಪತ್ರದಲ್ಲಿ ನಿಮ್ಮ ಕೈಹಿಡಿಯುವುದು ಈ ಪೆನ್ಸಿಲ್ ಸಾಲು.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿದೆ. ಗ್ರಾಹಕರೇ ಒಟಿಪಿ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು. ಆ ಮಟ್ಟಿಗೆ ಬ್ಯಾಂಕಿನ ಮಾತು ಸರಿ. ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಆದರೆ ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು ಎಂದೂ ಅದೇ ಸುತ್ತೋಲೆ ಹೇಳುತ್ತದೆ. ತಪ್ಪು ಗ್ರಾಹಕರದೇ ಎಂದು ರುಜುವಾತು ಮಾಡುವ ಹೊಣೆಯೂ ಬ್ಯಾಂಕಿನದೇ. ಅಂದಮೇಲೆ 4:35ರ 15,000 ನಿಮಗೆ ವಾಪಸ್ ಬರಬೇಕಾದ ಹಣ.

ತೊಡಕು ಒಂದೇ: ನೀವು ಬಾಯಿಮಾತಿನಲ್ಲಿ ಹೇಳಿ ಬಂದಿರಿ, ದೂರಿನ ಸಂಖ್ಯೆ ಪಡೆಯಲಿಲ್ಲ. ಆ ಹೊತ್ತಿಗೆ ಶಾಖೆಯಲ್ಲಿದ್ದಿರಿ ಎಂಬುದಕ್ಕೆ ಅಲ್ಲಿನ ಸಿಸಿಟಿವಿ ಸಾಕ್ಷಿಯಾಗಬಹುದು. ಅದನ್ನು ಅಳಿಸದೆ ಕಾದಿಡಿ, 15,000 ವಾಪಸ್ ಕೊಡಿ ಎಂದು ಇವತ್ತೇ ಬ್ಯಾಂಕಿಗೆ ಅರ್ಜಿ ಕೊಟ್ಟು, ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಉಳಿದ 33,500ರ ದಾರಿ ಬೇರೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಹಣ ಸೇರಿದ ಖಾತೆಗಳನ್ನು ತಡೆಹಿಡಿಯುವ ಕೆಲಸ ಶುರುವಾಗುತ್ತದೆ. ಕಳ್ಳರು ಬಾಡಿಗೆ ಖಾತೆಗಳ ಮೂಲಕ ದುಡ್ಡನ್ನು ಬೇಗಬೇಗ ದಾಟಿಸುವುದರಿಂದ ಮೊದಲ ಒಂದೆರಡು ಗಂಟೆಗೇ ಬೆಲೆ. ನೀವು ಫೋನ್ ಮಾಡಿದ್ದು ಮೂರನೇ ದಿನ. ಆದರೂ ಬಿಡಬೇಡಿ, ಯಾವ ಖಾತೆಯಲ್ಲಿ ಎಷ್ಟು ತಡೆಹಿಡಿದಿದ್ದಾರೆ ಎಂದು ಬರಹದಲ್ಲಿ ಕೇಳಿ.

ಠಾಣೆಯವರು ಹೇಳಿದ್ದು ಅರ್ಧ ಸರಿ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ ಪ್ರಕರಣವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಆದರೆ ದೂರು ಬರೆದುಕೊಳ್ಳಲು ಅದು ಅಡ್ಡಿಯಲ್ಲ. ಅಪರಾಧ ಯಾವ ಸರಹದ್ದಿನಲ್ಲೇ ನಡೆದಿರಲಿ, ಠಾಣೆಯವರು ಮಾಹಿತಿ ಪಡೆಯಬೇಕೆಂದು, ಪೊಲೀಸರ ಕೆಲಸದ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಬೇರೆಯವರ ಸೋಗು ಹಾಕಿ ಕಂಪ್ಯೂಟರ್, ಫೋನಿನ ಮೂಲಕ ವಂಚಿಸುವುದು ಐಟಿ ಕಾಯ್ದೆಯ 66ಡಿ ಪ್ರಕಾರ ಅಪರಾಧ. 3 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಈ ಕಲಮನ್ನು ದೂರಿನಲ್ಲಿ ಕಾಣಿಸಿ.

ಇನ್ನು ಆ ಜಾಹೀರಾತು. ನಮ್ಮ ಪತ್ರಿಕೆಯಲ್ಲಿ ಅಂಥದ್ದು ಅಚ್ಚಾಗಿದ್ದರೆ ನೀವು ಮೊದಲು ನನ್ನ ಕೊರಳಪಟ್ಟಿ ಹಿಡಿಯುತ್ತಿದ್ದಿರಿ, ಹಿಡಿಯಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತು ಪ್ರಕಟಿಸಿದವರಿಗೂ 10 ಲಕ್ಷದವರೆಗೆ ದಂಡ ಹಾಕಬಲ್ಲದು. ಅಂತರ್ಜಾಲದ ಕಂಪನಿಗಳಿಗೆ ಮಾತ್ರ ಐಟಿ ಕಾಯ್ದೆಯ 79ನೇ ಕಲಮಿನ ಆಸರೆ ಇದೆ: ಎಚ್ಚರ ವಹಿಸಿದ್ದರೆ, ಬೇರೆಯವರು ಹಾಕಿದ್ದಕ್ಕೆ ಅವರು ಹೊಣೆಯಲ್ಲ. ಯಾರೋ ಪುಕ್ಕಟೆ ಬರೆದುಹೋದ ಮಾತಿಗೆ ಈ ರಕ್ಷಣೆ ಇರಲಿ. ದುಡ್ಡು ಪಡೆದು ಎಲ್ಲಕ್ಕಿಂತ ಮೇಲೆ ಕೂರಿಸಿದ ನಂಬರಿಗೂ ಇದೇ ಆಸರೆ ಸಿಗುವುದು ಅನ್ಯಾಯವೆಂದೇ ನನ್ನ ನಂಬಿಕೆ.

ನಿಮ್ಮ ಮನೆಯವರ ಹೆಸರು, ಪಾರ್ಸೆಲ್ಲಿನ ವಿವರ ಅವನಿಗೆ ಹೇಗೆ ಸಿಕ್ಕಿತು? ಎಲ್ಲೋ ಸೋರಿದೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಆಗಸ್ಟ್ 24ರ ತೀರ್ಪು ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಹಾಕಿದ ಅರ್ಜಿಯಿಂದ. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ ಇನ್ನೂ 18 ತಿಂಗಳ ಗಡುವು. ಮಾಹಿತಿ ಕಾಯಲು ತಪ್ಪಿದ ಕಂಪನಿಗೆ 250 ಕೋಟಿವರೆಗೆ ದಂಡ ಬೀಳಬಹುದು, ಆದರೆ ಅದೆಲ್ಲ ಸರ್ಕಾರದ ಖಜಾನೆಗೆ. ಮಾಹಿತಿ ಸೋರಿ ನಷ್ಟವಾದವರಿಗೆ ಪರಿಹಾರ ಕೊಡಿಸುತ್ತಿದ್ದ ಐಟಿ ಕಾಯ್ದೆಯ 43ಎ ಕಲಮನ್ನು ಈ ಕಾಯ್ದೆಯೇ ತೆಗೆದುಹಾಕುತ್ತದೆ. ಕಳೆದುಕೊಂಡವರ ಕೈಗೆ ಒಂದು ರೂಪಾಯಿಯೂ ಬಾರದ ಈ ಏರ್ಪಾಡು ನನಗೆ ಸಂಕಟ ತರುತ್ತದೆ.

ಅವರು ಊಟ ಬಿಟ್ಟು ಕೂತಿದ್ದಾರೆ ಎಂದು ಬರೆದಿದ್ದೀರಿ. ಕಾಯುತ್ತಿದ್ದ ಪಾರ್ಸೆಲ್ಲಿನ ಗುರುತನ್ನೇ ಹೇಳಿದವನನ್ನು ನಾನಾಗಿದ್ದರೂ ನಂಬುತ್ತಿದ್ದೆ. ಹಾಗೆಂದು ಅವರಿಗೆ ತಿಳಿಸಿ. ಬ್ಯಾಂಕಿಗೆ ಕೊಡುವ ಅರ್ಜಿಯ ಕರಡನ್ನು ಅಂಚೆಯಲ್ಲಿ ಕಳಿಸಿದ್ದೇನೆ. 2:10 ಎಂಬುದು ಮೊದಲ ಸಾಲಿನಲ್ಲೇ ಇದೆ.

- ಸಂ.