ಹನೋಯ್ ರಾಕ್ಸ್ ಬ್ಯಾಂಡಿನ ಅಭಿಮಾನಿಗಳು ಇವತ್ತಿಗೂ ಯಾಕೆ ಅಷ್ಟು ಹಚ್ಚಿಕೊಂಡಿದ್ದಾರೆ?

ಇವರು ನುಡಿಸಿದ್ದು ಸ್ಲೀಝ್ ರಾಕ್, ಅಂದ್ರೆ ಪಂಕ್ ರಾಕ್‌ನ ಒರಟುತನ, ಗ್ಲ್ಯಾಮ್ ರಾಕ್‌ನ ಮೇಕಪ್ಪು ಎರಡೂ ಇರುವ ಸಂಗೀತ. ಫಿನ್‌ಲೆಂಡಿನ ಹೆಲ್ಸಿಂಕಿಯ ಈ ಹುಡುಗರು ಅದಕ್ಕೊಂದು ಮಾಧುರ್ಯ ಕೊಟ್ಟರು. ಗಾಯಕ ಮೈಕೇಲ್ ಮನ್ರೋ ಹಾಡಿನ ಮಧ್ಯೆ ಮೈಕ್ ಬಿಟ್ಟು ಸ್ಯಾಕ್ಸೋಫೋನ್ ಎತ್ತಿಕೊಳ್ಳೋದನ್ನ ನೋಡಿ, ಆಗ ಗೊತ್ತಾಗುತ್ತೆ. ಅಮೆರಿಕದಲ್ಲಿ ಇನ್ನೇನು ಹೆಸರು ಮಾಡಬೇಕು ಅನ್ನೋವಾಗ, 1984ರ ಡಿಸೆಂಬರಿನಲ್ಲಿ ಡ್ರಮ್ಮರ್ ರ‍್ಯಾಝಲ್ ಕ್ಯಾಲಿಫೋರ್ನಿಯಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು, ಮರುವರ್ಷ ಬ್ಯಾಂಡೇ ಒಡೆದುಹೋಯಿತು. ಅಭಿಮಾನಿಗಳಿಗೆ ಆ ನೋವು ಇನ್ನೂ ಆರಿಲ್ಲ. ಇವರನ್ನು ಮೆಚ್ಚಿದ್ದ ಅಮೆರಿಕದ ರಾಕ್ ಬ್ಯಾಂಡ್ ಗನ್ಸ್ ಎನ್ ರೋಸಸ್ ಆಮೇಲೆ ಎಷ್ಟು ದೊಡ್ಡದಾಯಿತು ಅಂತ ಗೊತ್ತಲ್ವಾ? ಅವರೇ ತಮ್ಮ ರೆಕಾರ್ಡ್ ಲೇಬಲ್‌ನಿಂದ ಹನೋಯ್ ರಾಕ್ಸ್‌ನ ಹಳೇ ಆಲ್ಬಮ್‌ಗಳನ್ನು ಮತ್ತೆ ಹೊರತಂದರು. ಎಷ್ಟೋ ಜನ ಈ ಬ್ಯಾಂಡನ್ನು ಕೇಳಿದ್ದೇ ಹಾಗೆ, ಬ್ಯಾಂಡ್ ಮುಗಿದ ಮೇಲೆ.